ಬೆಂಕಿ ಆರಿಸುವ ಗಾಡಿ ನಮ್ಮ ಅಂಗಳ ಮುಟ್ಟೀತೇ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹುಟ್ಟಿದ ಕಾಲಕ್ಕೆ ಬೆಂಕಿ ಆರಿಸಲು ಬೇಕಾಗಿದ್ದದ್ದು ನೀರು, ಕೊಡ ಮತ್ತು ನೆರೆಯವರ ಕೈ. ಇಂದು ಇವುಗಳೊಂದಿಗೆ ಅಗ್ನಿಶಾಮಕ ಠಾಣೆಯ ವಾಹನವೂ ಸೇರಿಕೊಂಡಿದೆ. ಕರೆ ಹೋದರೆ ಅದು ಬರುತ್ತದೆ ಎಂಬ ಧೈರ್ಯ ನಮಗೆಲ್ಲ ಇದೆ. ಆದರೆ ಡಾಂಬರು ರಸ್ತೆಯವರೆಗೆ ಬಂದ ಗಾಡಿ ಅಲ್ಲಿಂದ ನಮ್ಮ ಮನೆಯ ಅಂಗಳದವರೆಗೂ ಬರಬಲ್ಲುದೇ ಎಂದು ಅಳೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬಾವಿಯನ್ನು ಮೊದಲೇ ತೋಡಿಟ್ಟುಕೊಂಡ ನಾವು, ದಾರಿಯನ್ನು ಮಾತ್ರ ಬೆಂಕಿ ಬಿದ್ದ ದಿನಕ್ಕೆ ಬಿಟ್ಟಿದ್ದೇವೆ.

ನಮ್ಮ ತುಂಗೆ, ಭದ್ರೆ ಎರಡೂ ಮಲೆನಾಡಿನಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಒಂದಾಗಿ, ಬಯಲಿಗೆ ಇಳಿದು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯನ್ನು ಮುಟ್ಟುತ್ತವೆ. ಅಲ್ಲಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ಹೊಳೆಗೆ ಅಡ್ಡಲಾಗಿ ನಿಂತಿದೆ. ಆಚೆಯ ದಂಡೆಯಲ್ಲಿ ಹೂವಿನಹಡಗಲಿ ತಾಲ್ಲೂಕು. ಹಿಂದೆ ತಿರುಗಿ ನೋಡಿದರೆ ಮುಂಡರಗಿ ಸೀಮೆಯ ಒಣ ಎರೆಭೂಮಿ, ಅದರಾಚೆ ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಕಪ್ಪತಗುಡ್ಡ. ಸುಗ್ಗಿ ಮುಗಿದ ಮೇಲೆ ಆ ಕಡೆಯ ಊರುಗಳಲ್ಲಿ ಜೋಳದ ಕಣಿಕೆ, ಶೇಂಗಾ ಹೊಟ್ಟು, ಮೇವಿನ ಬಣವೆಗಳು ಮನೆ ಕೊಟ್ಟಿಗೆಗಳ ಪಕ್ಕದಲ್ಲೇ ಏಳುತ್ತವೆ. ಇಂಥ ಹೊಳೆದಂಡೆಯ ಊರಿನಲ್ಲಿ ಒಂದು ಬಣವೆಗೆ ಕಿಡಿ ತಗುಲಿತೆನ್ನಿ. ಕಣ್ಣು ಹಾಯಿಸಿದಷ್ಟೂ ನೀರು ಇದೆ. ಆದರೆ ಓಣಿ ಕಿರಿದಾಗಿದ್ದರೆ, ಊರಬಾಗಿಲ ಅಗಸಿ ತಗ್ಗಾಗಿದ್ದರೆ, ಹೊಳೆಗೆ ಇಳಿಯುವ ದಾರಿ ಕೆಸರಾಗಿದ್ದರೆ ಆ ನೀರು ಹೊಳೆಯಲ್ಲೇ ಉಳಿಯುತ್ತದೆ. ನೀರು ಕಣ್ಣಿಗೆ ಕಾಣುವುದು ಬೇರೆ, ಬೆಂಕಿಯನ್ನು ಮುಟ್ಟುವುದು ಬೇರೆ.

ಅದೇ ಹೊಳೆಯ ಮೇಲ್ದಂಡೆಯಲ್ಲಿರುವ ನಮ್ಮ ಕಥೆಯೂ ಇದೇ. ತೋಟದಲ್ಲಿ ಕೆರೆಯಿದೆ, ಹಳ್ಳವಿದೆ, ತುಂತುರು ನೀರಾವರಿಯ ಪೈಪು ಇದೆ. ಬೆಂಕಿಗೆ ಆಹಾರವೂ ಅಷ್ಟೇ ಧಾರಾಳ. ಅಡಿಕೆ ಸುಲಿದ ಸಿಪ್ಪೆಯ ರಾಶಿ, ಬೇಯಿಸುವ ಒಲೆಯ ಪಕ್ಕ ಒಟ್ಟಿದ ಕಟ್ಟಿಗೆ, ಒಣಗಿಸುವ ಮನೆಯ ಅಟ್ಟ, ಸೋಗೆಯ ಚಪ್ಪರ, ಕಾಫಿ ತುಂಬಿದ ಗೋಣಿಚೀಲಗಳ ಗೋದಾಮು, ಕೊಟ್ಟಿಗೆಯ ಮೇಲಿನ ಹುಲ್ಲು, ತೋಟದಂಚಿನ ದರಗು. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಮುಗಿದು ವರ್ಷದ ದುಡಿಮೆಯೆಲ್ಲ ಮನೆಯೊಳಗೆ ಸೇರಿದ ಹೊತ್ತಿಗೇ ಬೇಸಗೆಯೂ ಕಾಲಿಡುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಉರಿದದ್ದು ಈ ಋತುವಿನಲ್ಲೇ ಎಂಬುದು ನೆನಪಿರಲಿ.

ಆದ್ದರಿಂದ ಮನೆಗೆ ಬರುವ ಒಳದಾರಿಯನ್ನು ಹೇಗೆ ಪರೀಕ್ಷಿಸಬೇಕು, ಏನನ್ನು ಮೊದಲು ಸರಿಪಡಿಸಬೇಕು, ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ ಎಂಬ ಕೆಲವು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಗಾಡಿಯ ಅಳತೆ, ಗಾಡಿಯ ತೂಕ

ಬರುವ ಅತಿಥಿಯ ಗಾತ್ರ ಮೊದಲು ತಿಳಿದಿರಬೇಕು. ನಮ್ಮ ದೇಶದ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿಯ ಅಗಲ 2.6 ಮೀಟರ್, ಅಂದರೆ ಎಂಟೂವರೆ ಅಡಿ ಮೀರುವಂತಿಲ್ಲ. ಪಕ್ಕದ ಕನ್ನಡಿಗಳು ಇದರಿಂದ ಹೊರಗೆ. ಲಾರಿಯ ಚಾಸಿಯ ಮೇಲೆಯೇ ಕಟ್ಟಿದ ಅಗ್ನಿಶಾಮಕ ಗಾಡಿಯೂ ಹೆಚ್ಚುಕಡಿಮೆ ಇದೇ ಅಗಲದ್ದು. ಉದ್ದ ಸುಮಾರು 25 ಅಡಿ. ಮೇಲೆ ಏಣಿ ಇರುವುದರಿಂದ ಎತ್ತರ ಹತ್ತು ಅಡಿಗೂ ಮಿಕ್ಕುತ್ತದೆ.

ತೂಕದ ವಿಷಯದಲ್ಲಿ ನಾವು ಹೆಚ್ಚಾಗಿ ಮೋಸಹೋಗುತ್ತೇವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ದೊಡ್ಡ ಗಾಡಿಯ ತೊಟ್ಟಿಯಲ್ಲಿ 4,500 ಲೀಟರ್ ನೀರಿರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ನೀರೊಂದೇ ನಾಲ್ಕೂವರೆ ಟನ್ನು. ಅದರ ಮೇಲೆ ಗಾಡಿಯ ಸ್ವಂತ ತೂಕ, ಪಂಪು, ಏಣಿ, ಸಿಬ್ಬಂದಿ. ನಮ್ಮ ಪಿಕಪ್ಪು, ಟ್ರ್ಯಾಕ್ಟರು ದಿನವೂ ಓಡಾಡುವ ದಾರಿ ಈ ಭಾರವನ್ನು ತಡೆಯುತ್ತದೆ ಎಂದು ತಿಳಿಯಬಾರದು. ತುಂಬಿದ ಗೊಬ್ಬರದ ಲಾರಿ ಅಥವಾ ಕೊಳವೆಬಾವಿ ಕೊರೆಯುವ ರಿಗ್ಗು ಮಳೆಗಾಲದಲ್ಲೂ ನಿಮ್ಮ ಅಂಗಳಕ್ಕೆ ಬಂದು ಹಿಂದಿರುಗಿದ್ದರೆ ಚಿಂತೆ ಕಡಿಮೆ. ಬೇಸಗೆಯಲ್ಲಿ ಮಾತ್ರ ಬಂದಿದ್ದರೆ ಅರ್ಧ ಭರವಸೆ. ಒಮ್ಮೆಯೂ ಬಾರದಿದ್ದರೆ ಮುಂದಿನದನ್ನು ಗಮನವಿಟ್ಟು ಓದಬೇಕು.

ಗಾಡಿ ದೂರ ನಿಂತರೆ ಏನಾಗುತ್ತದೆ?

ಒಂದು ಮನೆಯ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳೋಣ. ಗೇಟಿನಿಂದ ಮನೆಗೆ 300 ಮೀಟರ್ ದೂರ. ಗೇಟು ಹತ್ತಡಿಯಿದ್ದರೂ ಅದಕ್ಕೆ ಹೊಂದಿಯೇ ತಿರುವು ಇರುವುದರಿಂದ ಗಾಡಿ ಒಳಗೆ ಬರಲಾಗದೆ ಅಲ್ಲೇ ನಿಂತಿತು. ಅಗ್ನಿಶಾಮಕದವರ ಹೋಸು ತುಂಡುಗಳು ಸಾಮಾನ್ಯವಾಗಿ 15 ಅಥವಾ 30 ಮೀಟರ್ ಉದ್ದದವು. 15 ಮೀಟರಿನವಾದರೆ ಇಪ್ಪತ್ತು ತುಂಡುಗಳನ್ನು ಒಂದಕ್ಕೊಂದು ಜೋಡಿಸಬೇಕು. ಒಂದು ಗಾಡಿಯಲ್ಲಿರುವ ಹೋಸು ಅಷ್ಟು ದೂರಕ್ಕೆ ಸಾಲುವುದೇ ಅನುಮಾನ. ಸಾಲುತ್ತದೆಂದೇ ಇಟ್ಟುಕೊಂಡರೂ ನೀರು ಕೊಳವೆಯೊಳಗೆ ಉಜ್ಜಿಕೊಂಡು ಹರಿಯುವಾಗ ಒತ್ತಡ ಕುಗ್ಗುತ್ತದೆ. ಮನೆ ದಿಬ್ಬದ ಮೇಲಿದ್ದರೆ ಪ್ರತಿ ಹತ್ತು ಮೀಟರ್ ಏರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಅದರ ಮೇಲೆ ನಷ್ಟ. ಕೊನೆಗೆ ನಳಿಗೆಯ ಬಾಯಲ್ಲಿ ರಭಸವೇ ಉಳಿಯುವುದಿಲ್ಲ.

ಇನ್ನು ನೀರಿನ ಲೆಕ್ಕ. ಒಂದು ನಳಿಗೆ ನಿಮಿಷಕ್ಕೆ 450 ಲೀಟರ್ ಹರಿಸಿದರೆ 4,500 ಲೀಟರ್ ನೀರು ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಆದ್ದರಿಂದ ಗಾಡಿ ಒಮ್ಮೆ ಬಂದರೆ ಸಾಲದು. ಬಂದು, ನೀರು ಬರಿದಾದ ಮೇಲೆ ತಿರುಗಿ, ಹೊರಗೆ ಹೋಗಿ, ತುಂಬಿಸಿಕೊಂಡು ಮತ್ತೆ ಬರಬೇಕು. ಇಲ್ಲವೇ ನಮ್ಮ ಕೆರೆಯಿಂದಲೇ ಎತ್ತಿಕೊಳ್ಳಬೇಕು. ದಾರಿಯ ವಿಚಾರವನ್ನು ಹೋಗುವ, ಬರುವ, ತಿರುಗುವ ಮೂರೂ ದೃಷ್ಟಿಯಿಂದ ನೋಡಬೇಕಾದ್ದು ಇದರಿಂದಲೇ.

ಗಳ ಮತ್ತು ಹಗ್ಗದ ಪರೀಕ್ಷೆ

ದಾರಿಯ ಅಗಲ ಎಷ್ಟು ಎಂದು ಕೇಳಿದರೆ ನಾವೆಲ್ಲ ಅದರ ಅಗಲವಾದ ಜಾಗವನ್ನು ನೆನೆದು ಉತ್ತರ ಹೇಳುತ್ತೇವೆ. ಗಾಡಿಗಾದರೋ ಅತ್ಯಂತ ಕಿರಿದಾದ ಜಾಗವೇ ದಾರಿಯ ಅಗಲ. ಅರ್ಧ ಮೈಲಿ ದಾರಿ 15 ಅಡಿ ಇದ್ದು ಒಂದು ಕಡೆ ಎಂಟಡಿಗೆ ಇಳಿದರೆ ಅದು ಎಂಟಡಿಯ ದಾರಿಯೇ.

ಈ ಜಾಗವನ್ನು ಕಂಡುಹಿಡಿಯಲು ಎಂಜಿನಿಯರು ಬೇಡ. 15 ಅಡಿಯ ಒಂದು ಬಿದಿರಿನ ಗಳ ಮತ್ತು 12 ಅಡಿಯ ಒಂದು ಹಗ್ಗ ಸಾಕು. ಇಬ್ಬರು ಹಗ್ಗದ ಎರಡು ತುದಿ ಹಿಡಿದು ಬಿಗಿಯಾಗಿ ಎಳೆದುಕೊಂಡು, ಮೂರನೆಯವರು ಗಳವನ್ನು ನೆಟ್ಟಗೆ ಎತ್ತಿ ಹಿಡಿದು ಡಾಂಬರು ರಸ್ತೆಯಿಂದ ಅಂಗಳದವರೆಗೆ ನಡೆದುಬರಬೇಕು. ಹಗ್ಗ ಸಡಿಲಾದ ಕಡೆ, ಗಳ ರೆಂಬೆಗೆ ತಗುಲಿದ ಕಡೆ ಗುರುತು ಹಾಕಬೇಕು. ವಿದ್ಯುತ್ ತಂತಿ ಹಾದಿರುವ ಕಡೆ ಮಾತ್ರ ಗಳವನ್ನು ದೂರದಲ್ಲೇ ಇಳಿಸಿ, ಕಣ್ಣಳತೆಯಿಂದಲೇ ಅಂದಾಜು ಮಾಡತಕ್ಕದ್ದು. ತಂತಿಯ ಹತ್ತಿರ ಹಸಿ ಬಿದಿರನ್ನಾಗಲಿ, ಅಲ್ಯುಮಿನಿಯಂ ಪೈಪನ್ನಾಗಲಿ ಎತ್ತಲೇಬಾರದು.

ಅರ್ಧ ದಿನದ ಈ ಕೆಲಸದ ಕೊನೆಗೆ ನಾಲ್ಕೈದು ಗುರುತುಗಳು ಉಳಿಯಬಹುದು. ಕೆಲಸವಿರುವುದು ಅಲ್ಲಿ ಮಾತ್ರ. ದಾರಿಯನ್ನೆಲ್ಲ ಕಾಂಕ್ರೀಟು ಮಾಡಿಸುವ ಹಣವಿಲ್ಲವೆಂದು ಕೈಕಟ್ಟಿ ಕೂರುವುದಕ್ಕಿಂತ ಆ ನಾಲ್ಕು ಜಾಗಗಳನ್ನು ಸರಿಪಡಿಸುವುದು ಮೇಲು.

ನಗರದ ಎತ್ತರದ ಕಟ್ಟಡಗಳಿಗೆ ಇರುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪ್ರವೇಶದ್ವಾರ ಆರು ಮೀಟರ್, ಮೇಲೆ ಕಮಾನಿದ್ದರೆ ಅದರ ಕೆಳಗೆ 4.5 ಮೀಟರ್, ಗಾಡಿ ತಿರುಗಲು ಒಂಬತ್ತು ಮೀಟರ್ ತ್ರಿಜ್ಯ ಎಂಬ ಅಳತೆಗಳಿವೆ. ಅಮೆರಿಕದ ಅನೇಕ ರಾಜ್ಯಗಳು ಅನುಸರಿಸುವ ಅಗ್ನಿ ಸಂಹಿತೆ 20 ಅಡಿ ಅಗಲ, ಹದಿಮೂರೂವರೆ ಅಡಿ ಎತ್ತರ ಕೇಳುತ್ತದೆ. 150 ಅಡಿಗಿಂತ ಉದ್ದವಾಗಿ ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ರಸ್ತೆಗೆ ತುದಿಯಲ್ಲಿ ತಿರುಗುವ ಜಾಗ ಇರಲೇಬೇಕೆಂದೂ ಹೇಳುತ್ತದೆ. ನಮ್ಮ ಎರಡೆಕರೆ ಹಿಡುವಳಿಗೆ 20 ಅಡಿ ರಸ್ತೆ ಆಗದ ಮಾತು. ಆದರೆ 12 ಅಡಿ ಗಟ್ಟಿನೆಲ, ಅದರ ಎರಡೂ ಪಕ್ಕ ಒಂದೊಂದು ಅಡಿ ತೆರವು, ತಲೆಯ ಮೇಲೆ 15 ಅಡಿ ಬಯಲು, ಇಷ್ಟನ್ನು ಗುರಿಯಾಗಿ ಇಟ್ಟುಕೊಳ್ಳಬಹುದು.

ಗೇಟು, ಉಣುಗೋಲು, ಬೀಗ

ಗೇಟು ಮಾಡಿಸುವಾಗ ಕಾರು ನುಗ್ಗಿದರೆ ಸಾಕೆಂದು ಹತ್ತಡಿಗೆ ನಿಲ್ಲಿಸುವುದು ವಾಡಿಕೆ. ನೇರವಾಗಿ ನುಗ್ಗುವ ಜಾಗದಲ್ಲಿ 12 ಅಡಿ, ರಸ್ತೆಯಿಂದ ತಿರುಗಿ ನುಗ್ಗಬೇಕಾದರೆ 14 ಅಡಿ ಇರಬೇಕು. ಗೇಟನ್ನು ಡಾಂಬರು ರಸ್ತೆಯ ಅಂಚಿಗೇ ತಂದು ನಿಲ್ಲಿಸಬಾರದು. ಒಂದು ಗಾಡಿಯುದ್ದ, ಅಂದರೆ ಸುಮಾರು 30 ಅಡಿ ಒಳಗೆ ಇಟ್ಟರೆ ಗಾಡಿ ರಸ್ತೆಯಿಂದ ಪೂರ್ತಿ ಒಳಬಂದು ನೇರವಾಗಿ ಮುನ್ನುಗ್ಗಬಹುದು. ಕಂಬಗಳು ಆಗಲೇ ಕಟ್ಟಿಯಾಗಿದ್ದರೆ ಒಂದು ಕಡೆಯ ಕಲ್ಲುಕಂಬವನ್ನು ತೆಗೆದು, ಕಿತ್ತಿಡಬಹುದಾದ ಉಣುಗೋಲನ್ನು ಅಲ್ಲಿಗೆ ಹೊಂದಿಸುವುದು ಸುಲಭದ ಉಪಾಯ.

ಕಮಾನು ಕಟ್ಟುವ ಆಸೆಯಿದ್ದವರು 15 ಅಡಿಗಿಂತ ಕೆಳಗೆ ಕಟ್ಟಬಾರದು. ಊರಿನ ಸ್ವಾಗತ ಕಮಾನಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ತಗ್ಗು ಕಮಾನು ಒಂದು ಮನೆಯನ್ನಲ್ಲ, ಇಡೀ ಕೇರಿಯನ್ನೇ ಹೊರಗಿಟ್ಟಂತೆ.

ಕೊಡಗು, ಸಕಲೇಶಪುರದ ಕಡೆ ಆನೆಗಳ ಕಾಟದಿಂದ ಕಂದಕ, ಸೌರವಿದ್ಯುತ್ ಬೇಲಿ, ರಾತ್ರಿ ಬೀಗ ಹಾಕುವ ಗೇಟು ಇವೆಲ್ಲ ಅನಿವಾರ್ಯವಾಗಿವೆ. ಹಾಗಿರುವಲ್ಲಿ ಬೀಗದ ಕೈ ಎಲ್ಲಿದೆ, ಬೇಲಿಯ ವಿದ್ಯುತ್ತನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಮನೆಯ ಯಜಮಾನರಿಗೊಬ್ಬರಿಗೇ ತಿಳಿದಿದ್ದರೆ ಸಾಲದು. ಮನೆಯ ಹೆಂಗಸರಿಗೆ, ಲೈನುಮನೆಯಲ್ಲಿರುವ ಹಿರಿಯ ಕೆಲಸಗಾರರಿಗೆ, ಪಕ್ಕದ ಮನೆಯವರಿಗೆ ತಿಳಿಸಿಡಬೇಕು.

ಮೋರಿ ಮತ್ತು ಸಂಕ

ರಸ್ತೆ ಬದಿಯ ಚರಂಡಿಗೆ ಹಾಕಿದ ಮೋರಿಯೇ ಅನೇಕ ಮನೆಗಳ ದುರ್ಬಲ ಕೊಂಡಿ. ಅಡಿಕೆ ಮರದ ದಬ್ಬೆಯ ಸಂಕ ಕಾಲುನಡಿಗೆಗೆ, ಚಪ್ಪಡಿ ಹಾಸಿದ ಮೋರಿ ಎತ್ತಿನಗಾಡಿಗೆ ತಕ್ಕದ್ದು. ತುಂಬಿದ ಲಾರಿಗೆ ಸಿಮೆಂಟು ಪೈಪಿನ ಮೋರಿ ಬೇಕು. ಪೈಪು ಕೊಳ್ಳುವಾಗ ದರ್ಜೆ ಕೇಳಿ ತೆಗೆದುಕೊಳ್ಳಬೇಕು. ಎನ್.ಪಿ. 2 ದರ್ಜೆಯದು ಹಗುರ ಓಡಾಟಕ್ಕೆ ಮಾತ್ರ. ಭಾರದ ವಾಹನ ಹಾಯುವಲ್ಲಿ ಎನ್.ಪಿ. 3, ಇನ್ನೂ ಗಟ್ಟಿಯಾದದ್ದು ಬೇಕಾದರೆ ಎನ್.ಪಿ. 4. ಪೈಪಿನ ಮೇಲೆ ಎರಡಡಿಯಷ್ಟು ಮಣ್ಣನ್ನು ಪದರಪದರವಾಗಿ ಹಾಕಿ ದಮ್ಮಸು ಮಾಡಿದರೆ ಚಕ್ರದ ಭಾರ ಒಂದೇ ಜಾಗಕ್ಕೆ ಬೀಳದೆ ಹರಡುತ್ತದೆ. ಪೈಪಿನ ಉದ್ದದಲ್ಲಿ ಜಿಪುಣತನ ಮಾಡಬಾರದು. ಮೋರಿ ಎಂಟಡಿಗೆ ನಿಂತರೆ ತಿರುಗುವ ಗಾಡಿಯ ಹಿಂಚಕ್ರ ಚರಂಡಿಗೆ ಇಳಿಯುವುದು ಖಂಡಿತ. ರಸ್ತೆಗೆ ಸೇರುವಲ್ಲಿ 16 ರಿಂದ 20 ಅಡಿ ಇಟ್ಟು ಎರಡೂ ತುದಿಗೆ ಬಿಳಿ ಬಣ್ಣ ಬಳಿದ ಗುರುತುಕಲ್ಲು ನೆಡಬೇಕು. ಅದು ಸಾರ್ವಜನಿಕ ರಸ್ತೆಯ ಚರಂಡಿಯಾದ್ದರಿಂದ ಕೆಲಸಕ್ಕೆ ಮೊದಲು ಪಂಚಾಯಿತಿಯಲ್ಲಾಗಲಿ ಆ ರಸ್ತೆಯ ಇಲಾಖೆಯಲ್ಲಾಗಲಿ ಕೇಳಿಕೊಳ್ಳುವುದು ಕ್ರಮ.

ನೆಲ ಗಟ್ಟಿಯಿರಲಿ

ಮಲೆನಾಡಿನಲ್ಲಿ ದಾರಿಯನ್ನು ಕೆಡಿಸುವುದು ಹೆಚ್ಚಾಗಿ ಗಾಡಿಯಲ್ಲ, ನೀರು. ದಾರಿಯ ನಡುವೆ ಎರಡು ಮೂರು ಅಂಗುಲ ಉಬ್ಬಿರಬೇಕು, ಮೇಲ್ಪಕ್ಕದಲ್ಲಿ ಬಸಿಗಾಲುವೆ ತೆರೆದಿರಬೇಕು. ಜಾರುವ ಕೆಂಪುಮಣ್ಣಿನ ಕಡೆ ದಪ್ಪಕಲ್ಲಿನ ಸೋಲಿಂಗು ಹಾಕಿ ಮೇಲೆ ಜಲ್ಲಿ, ಗರಸು ಹರಡಿ ಒತ್ತಬೇಕು. ಹಣ ಕಡಿಮೆಯಿದ್ದವರು ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಕಲ್ಲು ಹಾಸಬಹುದು. ಆದರೆ ಕಾರಿನ ಚಕ್ರದ ಅಂತರಕ್ಕೆ ಹಾಸಿದ ಕಿರುಪಟ್ಟಿಯ ಮೇಲೆ ಲಾರಿಯ ಜೋಡಿಚಕ್ರ ನಿಲ್ಲದು. ಪಟ್ಟಿ ಮೂರಡಿಯಾದರೂ ಅಗಲವಿರಲಿ.

ಹಮ್ಮಿಗಿಯ ಸುತ್ತಣ ಎರೆಭೂಮಿಯ ತೊಂದರೆ ಬೇರೆ ಬಗೆಯದು. ಎರೆಮಣ್ಣು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿ, ಆಗ ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಮೆತ್ತಗಾಗಿ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಮಣ್ಣಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ಒಂದೆರಡು ಮಳೆಗೆ ಜಲ್ಲಿ ಕೆಳಗಿಳಿದು ಮಣ್ಣು ಮೇಲೆ ಬರುತ್ತದೆ. ಮೊದಲು ಗರಸಿನ ದಪ್ಪ ಹಾಸು, ಅದರ ಮೇಲೆ ಜಲ್ಲಿ ಎಂಬುದೇ ಸರಿಯಾದ ಕ್ರಮ. ಬಯಲುಸೀಮೆಯ ನೀರಾವರಿ ಜಮೀನಿನಲ್ಲಿ ಅಡಿಕೆ ಹಾಕಿರುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ತೋಟಕ್ಕೆ ನೀರು ಬಿಟ್ಟ ದಿನ ದಾರಿಯೂ ನೆನೆಯುತ್ತದೆ.

ತಲೆಯ ಮೇಲೆ

ವಿದ್ಯುತ್ ನಿಯಮಗಳ ಪ್ರಕಾರ ರಸ್ತೆಗೆ ಅಡ್ಡಲಾಗಿ ಹಾಯುವ ಮನೆಬಳಕೆಯ ವಿದ್ಯುತ್ ಮಾರ್ಗ ನೆಲದಿಂದ 5.8 ಮೀಟರ್, 11 ಕಿಲೋವೋಲ್ಟಿನ ಮಾರ್ಗ 6.1 ಮೀಟರ್ ಎತ್ತರದಲ್ಲಿರಬೇಕು. ಅಂದರೆ 19 ರಿಂದ 20 ಅಡಿ. ಕಂಬ ವಾಲಿ ಅಥವಾ ಮರ ಒರಗಿ ತಂತಿ ಜೋತಿದ್ದರೆ ಹೆಸ್ಕಾಂ, ಮೆಸ್ಕಾಂ, ಸೆಸ್ಕ್ ಹೀಗೆ ಅವರವರ ಭಾಗದ ಕಂಪನಿಗೆ ಬರೆದುಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಹುಲ್ಲು ಹೇರಿದ ಲಾರಿ ಜೋತ ತಂತಿಗೆ ತಗುಲಿ ಹೊತ್ತಿಕೊಳ್ಳುವುದು ನಮ್ಮ ರಾಜ್ಯದಲ್ಲಿ ಮೇಲಿಂದ ಮೇಲೆ ಕೇಳುವ ಸುದ್ದಿ. ಹೀಗಾಗಿ ತಂತಿ ಎತ್ತಿಸುವುದರಿಂದ ಬೆಂಕಿ ಆರಿಸುವ ಗಾಡಿಗೆ ದಾರಿಯಾಗುವುದಲ್ಲದೆ ಬೆಂಕಿಯ ಒಂದು ಕಾರಣವೇ ಇಲ್ಲವಾಗುತ್ತದೆ.

ರೆಂಬೆಗಳಿಗೆ ಬೇರೆ ಕೂಲಿ ಬೇಡ. ಮರಗಸಿ ಮಾಡಿಸುವ ವರ್ಷ ದಾರಿಯ ಮೇಲಿನ ಕೊಂಬೆಗಳನ್ನೂ 15 ಅಡಿಯವರೆಗೆ ಸವರಲು ಹೇಳಿದರೆ ಅದೇ ಆಳು, ಅದೇ ಏಣಿ. ಮರವನ್ನೇ ತೆಗೆಯಬೇಕಾದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಮರೆಯಬಾರದು. ಸಿಲ್ವರ್ ಓಕ್‌ನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಬೀಟೆ, ಹೊನ್ನೆ, ತೇಗದಂಥವಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕಬಾರದು.

ಏರು, ತಿರುವು, ಧರೆ

ಹತ್ತಡಿ ದೂರಕ್ಕೆ ಒಂದಡಿಯಷ್ಟು ಏರಿದ್ದರೆ ನೀರು ತುಂಬಿದ ಗಾಡಿ ನಿಶ್ಚಿಂತೆಯಿಂದ ಹತ್ತುತ್ತದೆ. ಅದಕ್ಕಿಂತ ಕಡಿದಾದಲ್ಲಿ ನೆಲವನ್ನು ಕಲ್ಲು ಅಥವಾ ಗೀರು ಹಾಕಿದ ಕಾಂಕ್ರೀಟಿನಿಂದ ಒರಟು ಮಾಡಬೇಕು. ಏರು ಮತ್ತು ತಿರುವು ಎರಡೂ ಒಂದೇ ಕಡೆ ಬಾರದಂತೆ ನೋಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ದಾರಿ ಅಗಲವಾಗಬೇಕೆಂದು ಮಣ್ಣು ತೆಗೆಯುವ ಯಂತ್ರ ತರಿಸಿ ಗುಡ್ಡದ ಧರೆಯನ್ನು ನೆಟ್ಟಗೆ ಕಡಿಸುವುದು ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಮನೆಗೆ ಕರೆದಂತೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನಾವು ಕಂಡಿದ್ದೇವೆ. ಕುಸಿತಕ್ಕೆಲ್ಲ ದಾರಿಯೊಂದೇ ಕಾರಣವಲ್ಲ. ಆದರೂ ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಕಡಿದ ಮಣ್ಣನ್ನು ಕೆಳಪಕ್ಕಕ್ಕೆ ಸುರಿದರೆ ಅಲ್ಲಿ ಭಾರ ಹೆಚ್ಚಿ ಮಳೆನೀರಿನ ದಾರಿ ಮುಚ್ಚುತ್ತದೆ. ಕಡಿದಾದ ಗುಡ್ಡದಲ್ಲಿ ದಾರಿಯನ್ನು ಉದ್ದಕ್ಕೂ ಅಗಲ ಮಾಡುವ ಬದಲು ನೆಲ ಸಮವಾಗಿರುವ ಕಡೆ ನೂರಿನ್ನೂರು ಅಡಿಗೊಂದರಂತೆ ಎದುರು ವಾಹನ ಸರಿದು ನಿಲ್ಲುವ ಜಾಗ ಮಾಡಿದರೆ ಸಾಕು. ಒಂದು ಗಾಡಿ ಒಳಗಿರುವಾಗ ನೀರಿನ ಟ್ಯಾಂಕರು ಎದುರಾದರೂ ದಾರಿ ಕಟ್ಟದು.

ದಾರಿಗೆ ಒಂದೇ ಬಾಯಿದ್ದರೆ ಎಂಥ ಸಂಕಟ ಒದಗಬಹುದೆಂಬುದಕ್ಕೆ ಹೊರನಾಡಿನ ಒಂದು ಉದಾಹರಣೆ ಇದೆ. 2018ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಗುಡ್ಡದ ಊರಿಗೆ ಕಾಳ್ಗಿಚ್ಚು ನುಗ್ಗಿ 85 ಜನ ಸತ್ತರು. ಊರಿನಿಂದ ಇಳಿಯುವ ಕೆಲವೇ ರಸ್ತೆಗಳಲ್ಲಿ ವಾಹನಗಳು ಕಿಕ್ಕಿರಿದು ನಿಂತುಬಿಟ್ಟವು. ನಮ್ಮ ಕಾಡು ಅಲ್ಲಿಯ ಕಾಡಿನಂತಲ್ಲ. ಆದರೂ ದಾರಿ ಒಂದೇ ಇದ್ದು ಅದೂ ಕಿರಿದಾಗಿದ್ದರೆ ಒಳಬರುವ ಗಾಡಿ ಮತ್ತು ಹೊರಹೋಗುವ ಜನ ಪರಸ್ಪರ ಅಡ್ಡವಾಗುತ್ತಾರೆ ಎಂಬ ಪಾಠ ಎಲ್ಲರಿಗೂ ಒಂದೇ.

ತಿರುಗಿಸಲು ಜಾಗ

ಕಾಫಿ ಕಣ ಅಥವಾ ಅಡಿಕೆ ಒಣಗಿಸುವ ಅಂಗಳ ಗಾಡಿ ತಿರುಗಿಸಲು ಒದಗುವ ಜಾಗ. ತ್ರಿಜ್ಯ ಒಂಬತ್ತು ಮೀಟರ್ ಎಂದರೆ ಒಂದೇ ಸುತ್ತಿಗೆ ತಿರುಗಲು ಸುಮಾರು 60 ಅಡಿ ಬಯಲು ಬೇಕು. ಅಷ್ಟಿಲ್ಲದವರು ಅಂಗಳದ ಮೊದಲು ದಾರಿಗೆ ಅಡ್ಡಲಾಗಿ 14 ಅಡಿ ಅಗಲ, 35 ಅಡಿ ಉದ್ದದ ಒಂದು ಕವಲು ತೆಗೆದಿಟ್ಟರೆ ಗಾಡಿ ಅದರೊಳಗೆ ಹಿಂದಕ್ಕೆ ಸರಿದು ಮುಖ ತಿರುಗಿಸಿಕೊಳ್ಳುತ್ತದೆ. ಕಣದ ತೆಳು ಕಾಂಕ್ರೀಟು ಭಾರಕ್ಕೆ ಒಡೆದೀತು. ಒಡೆದರೂ ಮನೆಗಿಂತ ಕಣ ಅಗ್ಗ. ಆದರೆ ಕಣದ ಕೆಳಗೆ ನೀರಿನ ತೊಟ್ಟಿ, ಗೋಬರ್ ಅನಿಲದ ಗುಂಡಿ, ಶೌಚದ ಗುಂಡಿ ಇದ್ದರೆ ಸುತ್ತ ಕಲ್ಲು ನೆಟ್ಟು ಗುರುತು ಮಾಡಲೇಬೇಕು. ಮುಚ್ಚಳ ಕುಸಿದು ಗಾಡಿ ಸಿಕ್ಕಿಕೊಂಡರೆ ಸಹಾಯಕ್ಕೆ ಬಂದವರೇ ಸಹಾಯ ಬೇಡುವಂತಾಗುತ್ತದೆ.

ಹುಲ್ಲಿನ ಬಣವೆ, ಸಿಪ್ಪೆಯ ರಾಶಿ, ಕಟ್ಟಿಗೆಯ ಒಟ್ಟಲು ಇವನ್ನು ಗಾಡಿ ನಿಲ್ಲುವ ಜಾಗದಲ್ಲಾಗಲಿ ದಾರಿಯ ಬದಿಯಲ್ಲಾಗಲಿ ಒಟ್ಟಬಾರದು. ಉರಿಯುವ ಬಣವೆಯ ಪಕ್ಕ ಗಾಡಿ ಹಾಯಿಸುವ ಚಾಲಕ ಯಾವನೂ ಇಲ್ಲ.

ಕೆರೆಯವರೆಗೂ ದಾರಿ

ಮನೆಗೆ ದಾರಿ ಮಾಡಿದಂತೆ ಕೆರೆಗೂ ಮಾಡಬೇಕು. ಪಂಪು ನೀರನ್ನು ಕೆಳಗಿನಿಂದ ಹೀರಿಕೊಳ್ಳುವುದಕ್ಕೆ ಮಿತಿಯುಂಟು. ಗಾಳಿಯ ಒತ್ತಡವೇ ನೀರನ್ನು ಮೇಲೆ ತಳ್ಳುವುದರಿಂದ ಲೆಕ್ಕದಲ್ಲಿ ಹತ್ತು ಮೀಟರ್ ಬಂದರೂ ವ್ಯವಹಾರದಲ್ಲಿ ಏಳು ಮೀಟರ್ ಎಂದು ಹಿಡಿಯುತ್ತಾರೆ. ಸಮುದ್ರಮಟ್ಟದಿಂದ 3,000 ಅಡಿ ಎತ್ತರದ ಕಾಫಿ ಸೀಮೆಯಲ್ಲಿ ಇದು ಇನ್ನೂ ಸುಮಾರು ಒಂದು ಮೀಟರ್ ಕಡಿಮೆ. ಮಾರ್ಚಿ ತಿಂಗಳಲ್ಲಿ ಕೆರೆಯ ನೀರು ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿ, ಆ ಮಟ್ಟದಿಂದ 15 ಅಡಿಗೆ ಮೀರದ ಎತ್ತರದಲ್ಲಿ, ನೀರಿನ ಅಂಚಿಗೆ ಹತ್ತಿರ, ಆದರೆ ಏರಿಯ ಮೇಲಲ್ಲದೆ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲುವ ಒಂದು ಜಾಗ ಮಾಡಿಡಬೇಕು. ಬಯಲಿನವರಿಗೆ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಇದೇ ಉಪಯೋಗಕ್ಕೆ ಒದಗುತ್ತವೆ.

ಹೂಮಳೆಗೆ ತುಂತುರು ನೀರಾವರಿ ಮಾಡುವ ಡೀಸೆಲ್ ಪಂಪು, ಪೈಪುಗಳು ಗಾಡಿ ಬರುವವರೆಗಿನ ನಮ್ಮ ಸ್ವಂತ ಅಗ್ನಿಶಾಮಕ. ಬೆಂಕಿ ಬಿದ್ದಾಗ ವಿದ್ಯುತ್ ಕಡಿಯಬೇಕಾದ್ದರಿಂದ ಮೋಟಾರನ್ನು ನಂಬುವಂತಿಲ್ಲ. ನೀರಾವರಿ ಮುಗಿದೊಡನೆ ಪೈಪುಗಳನ್ನೆಲ್ಲ ಗೋದಾಮಿಗೆ ಸೇರಿಸದೆ, ಕೆರೆಯಿಂದ ಮನೆಯವರೆಗಿನ ಒಂದು ಸಾಲನ್ನು ಮಳೆ ಹಿಡಿಯುವ ತನಕ ಜೋಡಿಸಿಯೇ ಇಡುವುದು ಜಾಣತನ.

ಪಾಲಿನ ದಾರಿ

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ತೊಡಕು ಕಲ್ಲು ಮಣ್ಣಿನದಲ್ಲ. ನಮ್ಮಲ್ಲಿ ಹೆಚ್ಚಿನವರ ದಾರಿ ಅಣ್ಣತಮ್ಮಂದಿರ ಪಾಲಿನ ನಡುವೆ, ನೆರೆಯವರ ಬೇಲಿಯಂಚಿನಲ್ಲಿ ಹಾಯುತ್ತದೆ. ಅಜ್ಜನ ಕಾಲಕ್ಕೆ ಎತ್ತಿನಗಾಡಿಗೆ ಬಿಟ್ಟ ಎಂಟಡಿ ಜಾಗ ಇಂದಿಗೂ ಎಂಟಡಿಯೇ. ಎರಡು ಅಡಿ ಬಿಟ್ಟುಕೊಡಿ ಎಂದು ಕೇಳುವುದಕ್ಕೆ ಒಬ್ಬರಿಗೆ ಸಂಕೋಚ, ಬಿಟ್ಟರೆ ಮುಂದೆ ಹಕ್ಕು ಸಾಧಿಸಿಯಾರು ಎಂದು ಇನ್ನೊಬ್ಬರಿಗೆ ಅಂಜಿಕೆ. ಎರಡೂ ಸಹಜವೇ.

ಆದರೆ ಬೆಂಕಿಗೆ ಸರ್ವೆ ನಂಬರು ತಿಳಿಯದು. ಒಳಗಿನ ಮನೆಗೆ ಗಾಡಿ ಹೋಗಲಾಗದೆ ಉರಿ ಹೆಚ್ಚಿದರೆ ಗಾಳಿ ಬೀಸಿದತ್ತ ಮುಂದಿನ ಮನೆಯೂ ಹೋಗುತ್ತದೆ. ಆದ್ದರಿಂದ ದಾರಿ ಬಿಡುವವರ ಒಡೆತನಕ್ಕೆ ಧಕ್ಕೆ ಬಾರದಂತೆ, ಇಂತಿಷ್ಟು ಜಾಗವನ್ನು ವಾಹನ ಓಡಾಟಕ್ಕೆ ಬಿಟ್ಟಿದೆ, ಒಡೆತನ ಅವರದೇ ಎಂದು ಇಬ್ಬರೂ ತಿಳಿದವರ ಎದುರು ಬರೆದು ಸಹಿ ಮಾಡಿಟ್ಟುಕೊಳ್ಳಬಹುದು. ಬೇಲಿಯನ್ನು ಸರಿಸಲು ಒಪ್ಪದವರು ಎರಡು ಕಂಬಗಳ ನಡುವಿನ ತಂತಿಯನ್ನು ಬಿಚ್ಚಿ ಹಾಕುವಂತೆ ಕೊಕ್ಕೆ ಮಾಡಿಸಲು ಒಪ್ಪಿಯಾರು. ಮೋರಿ ಪೈಪು, ಜಲ್ಲಿಗೆ ನಾಲ್ಕು ಮನೆಯವರು ಸೇರಿದರೆ ಒಬ್ಬೊಬ್ಬರ ಪಾಲಿಗೆ ಬರುವ ಖರ್ಚು ಹಗುರವಾಗುತ್ತದೆ. ಬೆಳೆ ಮಾರಲು ಸಹಕಾರ ಕಲಿತ ನಾವು ದಾರಿಯ ವಿಚಾರದಲ್ಲಿ ಅದನ್ನು ಮರೆಯಬಾರದು.

ಈ ದಾರಿ ಬೆಂಕಿಗೊಂದೇ ಅಲ್ಲ. 2008ರಿಂದ ನಮ್ಮ ರಾಜ್ಯದಲ್ಲಿರುವ 108 ಆಂಬುಲೆನ್ಸು ಬರುವುದೂ ಇದರಲ್ಲೇ. ಗೊಬ್ಬರದ ಲಾರಿ ಅಂಗಳಕ್ಕೆ ಬಂದರೆ ಹೊರುವ ಕೂಲಿ ಪ್ರತಿ ವರ್ಷ ಉಳಿಯುತ್ತದೆ. ಬೆಂಕಿ ಎಂದೂ ಬೀಳದಿರಲಿ. ಬೀಳದಿದ್ದರೂ ದಾರಿಗೆ ಹಾಕಿದ ಹಣ ದಂಡವಾಗದು.

ಕರೆ ಮಾಡುವ ಗಳಿಗೆಯಲ್ಲಿ

112 ಅಥವಾ 101ಕ್ಕೆ ಕರೆ ಮಾಡಿದಾಗ ಊರಿನ ಹೆಸರಿನ ಜೊತೆಗೆ ತಾಲ್ಲೂಕನ್ನೂ ಹೇಳಬೇಕು. ಒಂದೇ ಹೆಸರಿನ ಊರುಗಳು ಹಲವು. ಏನು ಉರಿಯುತ್ತಿದೆ, ಒಳಗೆ ಜನ ಜಾನುವಾರು ಇದ್ದಾರೆಯೇ, ದಾರಿಯಲ್ಲಿ ದೊಡ್ಡ ಗಾಡಿ ಬರಬಲ್ಲುದೇ, ಹತ್ತಿರದಲ್ಲಿ ಕೆರೆ ಇದೆಯೇ ಎಂಬ ನಾಲ್ಕು ಮಾತು ಅವರಿಗೆ ಬೇಕು. ಮೊಬೈಲಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆಂಬುದು ಮನೆಯವರೆಲ್ಲರಿಗೂ ತಿಳಿದಿರಲಿ. ಒಬ್ಬರು ಟಾರ್ಚು ಹಿಡಿದು ಡಾಂಬರು ರಸ್ತೆಯ ತಿರುವಿಗೆ ಓಡಬೇಕು. ಇನ್ನೊಬ್ಬರು ಗೇಟು ತೆರೆದು, ದಾರಿಯಲ್ಲಿ ನಿಲ್ಲಿಸಿದ ಜೀಪು, ಬೈಕುಗಳನ್ನು ತೆಗೆಸಬೇಕು. ಸಹಾಯಕ್ಕೆ ಬಂದ ನೆರೆಯವರ ವಾಹನಗಳೇ ದಾರಿಗೆ ಅಡ್ಡವಾಗುವುದುಂಟು. ಮೂರನೆಯವರು ಮೈನ್ ಸ್ವಿಚ್ಚು ತೆಗೆದು ದನಗಳ ಹಗ್ಗ ಬಿಚ್ಚಬೇಕು. ಉರಿಯುವ ಮನೆಯೊಳಗೆ ಸಾಮಾನು ತರಲು ಯಾರೂ ಮರಳಿ ನುಗ್ಗಬಾರದು.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದ ಅನೇಕ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗೆ ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14 ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರದಲ್ಲಿ ನಾಲ್ಕು ಮನೆಯವರು ಸೇರಿ ಹತ್ತಿರದ ಠಾಣೆಯವರನ್ನು ಕೇಳಿಕೊಂಡರೆ ನಮ್ಮ ದಾರಿ, ನಮ್ಮ ಕೆರೆ ಅವರ ಗಾಡಿಗೆ ಒಗ್ಗುತ್ತದೆಯೇ ಎಂಬುದನ್ನು ಅವರಿಂದಲೇ ತಿಳಿಯಬಹುದು.

ಏಪ್ರಿಲ್ ಬರುವವರೆಗೂ ಕಾಯಬೇಕಾಗಿಲ್ಲ. ಈ ಭಾನುವಾರ ಮನೆಯ ಹುಡುಗರನ್ನು ಕರೆದುಕೊಂಡು ಗಳ, ಹಗ್ಗ ಹಿಡಿದು ಒಮ್ಮೆ ದಾರಿಯುದ್ದಕ್ಕೂ ನಡೆದು ಬನ್ನಿ. ಹಗ್ಗ ಸಡಿಲಾದ ಮೊದಲ ಜಾಗ ಪಕ್ಕದವರ ಬೇಲಿಯ ಹತ್ತಿರವೇ ಆಗಿದ್ದರೆ ಅವರನ್ನೂ ಕರೆದು ತೋರಿಸಿ. ಅವರ ಮನೆಗೆ ಹೋಗುವ ದಾರಿಯೂ ಬಹುಶಃ ಅಲ್ಲೇ ಕಿರಿದಾಗಿದ್ದೀತು.